ಕೆಮ್ಮಿದರೆ ಫೇಲ್

ಕೆಮ್ಮು ಹತ್ತಿದ್ದು ಡ್ರೈವರ್ ಶರಣುವಿಗೆ. ಮಾನ ಹೋದದ್ದು ಜಯಸಿಂಹರಾಯರದು.

ಬೆಳಿಗ್ಗೆ ರಾಯರು ಆಂಟಾಪ್ ಹಿಲ್‌ನ ತಮ್ಮ ಫ್ಲ್ಯಾಟಿನಲ್ಲಿ ಇಡ್ಲಿಯ ಮುಂದೆ ಕೂತಿದ್ದಾಗ ಫೋನು ಬಂತು. ಮಾತಿಗಿಂತ ಮೊದಲು ಕೆಮ್ಮು ಬಂತು, ಕೆಮ್ಮಿನ ಹಿಂದೆ ಶರಣುವಿನ ದನಿ ಬಂತು.

"ಸಾಹೇಬ್ರ, ರಾತ್ರಿಯಿಂದ ನಂಗ ಕೆಮ್ಮು ಹತ್ತ್ಯಾದ್ರಿ. ಇವತ್ತೊಂದಿನ ರಜಾ ಕೊಡ್ರಿ. ಆಫೀಸಿನ್ಯಾಗ ಹೇಳಿ ಬ್ಯಾರೆ ಡ್ರೈವರ್‌ಗ ಕಳಸ್ತೀನ್ರಿ."

"ಬೇರೆ ಡ್ರೈವರಾ!" ರಾಯರು ಕೂಗಿದ ರಭಸಕ್ಕೆ ಅಡುಗೆಮನೆಯಲ್ಲಿದ್ದ ಹೆಂಡತಿ ವಿಮಲಾ ಸೌಟು ಹಿಡಿದುಕೊಂಡೇ ಹೊರಗೆ ಬಂದರು. "ಬೇಡ ಬೇಡ. ರಜಾ ಗಿಜಾ ಏನೂ ಬೇಡ. ನೀನು ಈಗಲೇ ಹೊರಟು ಸೀದಾ ಮನೆಗೆ ಬಾ. ನಾನು ಔಷಧಿ ಕೊಡಿಸ್ತೀನಿ."

ಡ್ರೈವರಿಗೆ ಕೆಮ್ಮು ಬಂದರೆ ಸಾಹೇಬರ ಇಡ್ಲಿ ಗಂಟಲಲ್ಲಿ ಏಕೆ ನಿಲ್ಲಬೇಕು? ಅದನ್ನು ತಿಳಿಯಬೇಕಾದರೆ ರಾಯರ ಕೆಲಸ ಏನೆಂದು ತಿಳಿಯಬೇಕು.

ರಸ್ತೆ ಬದಿಯ ಬೋರ್ಡುಗಳು ಹಗಲು ಹೊತ್ತು ಎಲ್ಲರಿಗೂ ಕಾಣುತ್ತವೆ. ಕತ್ತಲಾದ ಮೇಲೂ ಕಾಣಬೇಕಲ್ಲ, ಅದಕ್ಕೆಂದು ಅವುಗಳ ಮೇಲೆ ಒಂದು ಬಗೆಯ ಹೊಳೆಯುವ ಹಾಳೆ ಅಂಟಿಸಿರುತ್ತಾರೆ. ಗಾಡಿಯ ಹೆಡ್‌ಲೈಟು ಬಿದ್ದ ಕೂಡಲೇ ಅದು ಫಳಕ್ಕನೆ ಹೊಳೆದು, ಮುಂದೆ ತಿರುವಿದೆ, ಇಲ್ಲಿ ನುಗ್ಗಬೇಡ ಎಂದು ಹೇಳಬೇಕು. ಆದರೆ ಮುಂಬಯಿಯ ಬಿಸಿಲು, ಮಳೆ, ಹೊಗೆ, ಪಾನ್ ಉಗುಳು, ಗಲ್ಲಿ ನಾಯಕರ ಹುಟ್ಟುಹಬ್ಬದ ಪೋಸ್ಟರಿನ ಗೋಂದು ಇವೆಲ್ಲ ಸೇರಿದರೆ ಹಾಳೆ ಎಷ್ಟು ದಿನ ಬಾಳೀತು? ಯಾವುದು ಮಂಕಾಗಿದೆ, ಯಾವುದು ಇನ್ನೂ ಹೊಳೆಯುತ್ತಿದೆ ಎಂದು ನೋಡುವ ಗುತ್ತಿಗೆಯನ್ನು ಒಂದು ಖಾಸಗಿ ಕಂಪನಿ ಹಿಡಿದಿತ್ತು. ದೀಪ ಹಚ್ಚುವ ಹೊತ್ತಿಗೆ ಜೀಪು ಹೊರಡುತ್ತದೆ. ಡ್ರೈವರು ನಿಧಾನವಾಗಿ ಓಡಿಸುತ್ತಾನೆ, ಪಕ್ಕದಲ್ಲಿ ಕೂತವರು ಒಂದೊಂದೇ ಬೋರ್ಡು ನೋಡಿ 'ಪಾಸ್' ಅಥವಾ 'ಫೇಲ್' ಎನ್ನುತ್ತಾರೆ. ಫೇಲಾದದ್ದನ್ನು ಮರುವಾರ ಬಿಚ್ಚಿ ಹೊಸದನ್ನು ಹಾಕುತ್ತಾರೆ.

ಈ ನೋಡುವ ಕೆಲಸಕ್ಕೆ ಕಂಪನಿಯವರು ಬೇಕೆಂದೇ ಅರವತ್ತು ದಾಟಿದವರನ್ನು ಹುಡುಕಿದ್ದರು. ವಯಸ್ಸಾದವರ ಕಣ್ಣಿಗೆ ಕಂಡ ಬೋರ್ಡು ಊರಿನ ಎಲ್ಲರ ಕಣ್ಣಿಗೂ ಕಂಡೇ ಕಾಣುತ್ತದೆ ಎಂಬುದು ಅವರ ಲೆಕ್ಕಾಚಾರ. ರಿಟೈರಾಗಿ, ದಿನಾ ಅಕ್ಕಿ ಆರಿಸಿಕೊಂಡು, ಬಿಲ್ಡಿಂಗಿನ ಕೆಳಗಿನ ಬೆಂಚಿನಲ್ಲಿ ಉಳಿದ ರಿಟೈರಾದವರ ಜೊತೆ ಮಂಡಿನೋವಿನ ಸುದ್ದಿ ಮಾತಾಡಿಕೊಂಡಿದ್ದ ರಾಯರಿಗೆ ಇದು ಮರುಜನ್ಮವಾಗಿತ್ತು. ಲೋಕದಲ್ಲಿ ಮುದುಕನೆಂದು ಕೆಲಸದಿಂದ ತೆಗೆದವರನ್ನು ಕಂಡಿದ್ದರು. ಮುದುಕನೆಂದು ಕರೆದು ಕೆಲಸ ಕೊಟ್ಟವರನ್ನು ಕಂಡಿರಲಿಲ್ಲ. ಕಾಲೊನಿಯಲ್ಲಿ ಅವರಿಗೆ 'ಹದ್ದಿನ ಕಣ್ಣಿನ ರಾಯರು' ಎಂಬ ಹೆಸರೂ ಬಿತ್ತು.

ಹೆಸರು ಬಿದ್ದ ಮೇಲೆಯೇ ಕಣ್ಣಿಗೆ ಪೊರೆ ಬಂದದ್ದು.

ಹಗಲು ಹೇಗೋ ನಡೆಯುತ್ತಿತ್ತು. ಸಂಜೆಯಾದರೆ ಎದುರಿನ ದೀಪಗಳೆಲ್ಲ ಸುರುಸುರುಬತ್ತಿಯ ಹಾಗೆ ಹರಡಿಕೊಂಡು, ಮಧ್ಯೆ ಬೋರ್ಡೋ ಮರವೋ ಮನುಷ್ಯನೋ ಎಂದು ತಿಳಿಯದಂತಾಗುತ್ತಿತ್ತು. ಒಮ್ಮೆ ಮೆಟ್ಟಿಲಿನ ಹತ್ತಿರ ಮೇಲಿನ ಮನೆಯ ವಸಂತಿ ನಿಂತಿದ್ದಾರೆಂದು ಭಾವಿಸಿ, ಅವರ ಮಗಳ ಬಾಣಂತನದ ಬಗ್ಗೆಯೆಲ್ಲ ವಿಚಾರಿಸಿ, ಕೊನೆಗೆ ಅದು ಒಣಹಾಕಿದ ನೈಟಿ ಎಂದು ಗೊತ್ತಾಗಿ ಸುಮ್ಮನಾಗಿದ್ದರು. ಆಪರೇಶನ್ ಮಾಡಿಸಬಹುದಿತ್ತು. ಆದರೆ ಹದ್ದಿನ ಕಣ್ಣಿಗೆ ಪೊರೆ ಎಂದು ಹೇಗೆ ಹೇಳುವುದು? ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಮತ್ತೆ ಅದೇ ಬೆಂಚು, ಅದೇ ಮಂಡಿನೋವು. ನಾಚಿಕೆಯಿಂದ ಅವರು ವಿಮಲಾ ಅವರಿಗೂ ಹೇಳಲಿಲ್ಲ.

ಆಗ ಕಾಪಾಡಿದವನು ಶರಣು. ಒಂದು ಸಂಜೆ ಯಾವುದೋ ತಿರುವಿನಲ್ಲಿ ಬೋರ್ಡು ಕಾಣದೆ ರಾಯರು ಕನ್ನಡಕ ಏರಿಸಿಕೊಂಡು ಒದ್ದಾಡುತ್ತಿದ್ದಾಗ ಅವನು ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ 'ಖೊಕ್' ಎಂದು ಸಣ್ಣಗೆ ಕೆಮ್ಮಿದ. ಏನಾದರಾಗಲಿ ಎಂದು ರಾಯರು 'ಫೇಲ್' ಎಂದರು. ಆಮೇಲೆ ಇಳಿದು ಹತ್ತಿರ ಹೋಗಿ ನೋಡಿದರೆ ಆ ಬೋರ್ಡಿನ ಹಾಳೆ ನಿಜವಾಗಿಯೂ ಸುಲಿದು ನೇತಾಡುತ್ತಿತ್ತು! ರಾಯರಿಗೆ ಎಲ್ಲ ಅರ್ಥವಾಯಿತು. ಅವರ ಅಪ್ಪನೂ ಹೀಗೆಯೇ. ಸೊಸೆಯಂದಿರು ಇರುವ ಅಡುಗೆಮನೆಯ ಬಾಗಿಲಿಗೆ ಬಂದರೆ ಒಂದು ಕೆಮ್ಮು ಕೆಮ್ಮಿಯೇ ಒಳಗೆ ಬರುತ್ತಿದ್ದರು. ಬಾಯಿಬಿಟ್ಟು ಹೇಳಲಾಗದ್ದನ್ನು ಕೆಮ್ಮಿ ಹೇಳುವುದು ಮರ್ಯಾದಸ್ಥರ ರೀತಿ. ಈ ಯಾದಗಿರಿಯ ಹುಡುಗನಿಗೆ ತಮ್ಮ ಕಣ್ಣಿನ ಅವಸ್ಥೆ ಗೊತ್ತಾಗಿದೆ, ಹೇಳಿದರೆ ಸಾಹೇಬರ ಮನಸ್ಸು ನೊಂದೀತೆಂದು ಕೆಮ್ಮಿ ತಿಳಿಸುತ್ತಿದ್ದಾನೆ ಎಂದುಕೊಂಡು ರಾಯರ ಕಣ್ಣು ತೇವವಾಯಿತು. ಹೀಗೆ ತೇವವಾದ್ದರಿಂದ ಆ ದಿನ ಇನ್ನೂ ಕಡಿಮೆ ಕಂಡಿತು.

ಅಂದಿನಿಂದ ಅದೇ ನಡೆದುಬಂತು. ಕೆಮ್ಮಿದರೆ ಫೇಲ್, ಇಲ್ಲದಿದ್ದರೆ ಪಾಸ್. ಸುತ್ತು ಮುಗಿದ ಮೇಲೆ ರಾಯರು ಅವನಿಗೆ ಬಿಸಿಬಿಸಿ ವಡಾಪಾವ್ ಕೊಡಿಸುತ್ತಿದ್ದರು. ಇಬ್ಬರೂ ಆ ವಿಷಯವನ್ನು ಒಮ್ಮೆಯೂ ಬಾಯಿಗೆ ತರಲಿಲ್ಲ. ವರ್ಷಗಳು ಕಳೆದವು. ರಾಯರ ಬಗ್ಗೆ ಒಂದು ದೂರೂ ಬರಲಿಲ್ಲ.

ಈಗ ಆ ಕೆಮ್ಮುವ ಗಂಟಲಿಗೇ ಕೆಮ್ಮು ಬಂದಿದೆ! ಸುಮ್ಮಸುಮ್ಮನೆ ಕೆಮ್ಮಿದರೆ ಯಾವುದು ಸುದ್ದಿ, ಯಾವುದು ಶೀತ ಎಂದು ತಿಳಿಯುವುದು ಹೇಗೆ? ರಾಯರು ಇದನ್ನೇ ಯೋಚಿಸುತ್ತಿರುವಾಗ ಎರಡನೆಯ ಫೋನು ಬಂತು. ಕುರ್ಲಾ ಆಫೀಸಿನ ಸುಭಾಷ. ಊರು ಬೆಳಗಾವಿ ಕಡೆ, ಬೇರೆಯವರ ಕಷ್ಟದ ಸುದ್ದಿ ಹೇಳುವಾಗ ಮಾತ್ರ ಅವನ ದನಿಯಲ್ಲಿ ಸಂತೋಷ.

"ರಾಯರ, ಸುದ್ದಿ ಕೇಳಿದ್ರೇನು? ಇವತ್ತ ಸಂಜಿಕೆ ನಿಮ್ಮ ಗಾಡ್ಯಾಗ ಸಾಧನಾ ಮೇಡಮ್ ಬರಾಕತ್ತಾರ. ಬಾಂದ್ರಾ ಹೆಡ್ ಆಫೀಸಿನವ್ರು. ನೀವು ಹೆಂಗ ಬೋರ್ಡ್ ನೋಡ್ತೀರಿ ಅಂತ ಕಲಿಯಾಕಂತ. ನಿಮ್ಮನ್ನ ನೋಡಿ ಬಾಕಿ ಮಂದಿಗೆ ಟ್ರೇನಿಂಗ್ ಕೊಡ್ತಾರಂತ್ರಿ!"

ಇಡ್ಲಿ ಕೊನೆಗೂ ಗಂಟಲಿನಿಂದ ಇಳಿಯಿತು. ಅದರ ಜೊತೆ ಜೀವವೂ ಇಳಿಯಿತು.

ಶರಣು ಬಂದ. ಹೊಸಿಲಲ್ಲೇ ನಿಂತು ಮಾಳಿಗೆ ಹಾರುವ ಹಾಗೆ ಕೆಮ್ಮಿದ. ರಾಯರು ಅವನನ್ನು ಮದುವೆ ಗಂಡನ್ನು ಕರೆದ ಹಾಗೆ ಕೈಹಿಡಿದು ಒಳಗೆ ಕರೆದು ಸೋಫಾದ ಮೇಲೆ ಕೂರಿಸಿದರು. ಅವನು ನೆಲಕ್ಕೆ ಇಳಿಯುವುದು, ಇವರು ಮೇಲಕ್ಕೆ ಎಳೆಯುವುದು, ಹೀಗೆ ಸ್ವಲ್ಪ ಹೊತ್ತು ನಡೆಯಿತು.

"ಏನೂಂದ್ರೆ," ಎಂದರು ವಿಮಲಾ, ಮೆಣಸು ಜೀರಿಗೆ ಕಷಾಯ ಕುದಿಸುತ್ತ, "ಹೋದ ತಿಂಗಳು ನನಗೆ ಎಂಟು ದಿನ ಕೆಮ್ಮಿತ್ತು. 'ಬಾಗಿಲು ಹಾಕ್ಕೊಂಡು ಕೆಮ್ಮು, ನ್ಯೂಸ್ ಕೇಳ್ತಿಲ್ಲ' ಅಂದಿದ್ರಿ. ಜ್ಞಾಪಕ ಇದೆಯಾ?"

ಜ್ಞಾಪಕವಿತ್ತು. ರಾಯರು ಕಷಾಯವನ್ನು ಊದಿ ಊದಿ ಆರಿಸುವ ನೆಪದಲ್ಲಿ ತಲೆ ತಗ್ಗಿಸಿದರು.

ಕೆಮ್ಮಿನ ಸದ್ದಿಗೆ ಮೇಲಿನಿಂದ ವಸಂತಿ ಇಳಿದು ಬಂದರು. ಮಂಗಳೂರಿನವರು. ಕುಂಡದಲ್ಲಿ ಬೆಳೆಸಿದ ದೊಡ್ಡಪತ್ರೆಯನ್ನು ಯಾರೂ ಕೇಳದೆಯೇ ತಂದಿದ್ದರು. "ಎಂತ ಮಾರಾಯ್ರೇ, ಇದು ಸಾದಾ ಕೆಮ್ಮು ಅಲ್ಲ. ಈ ರಸ ಜೇನು ಹಾಕಿ ಕುಡಿಸಿ. ಮತ್ತೆ ಒಂದು ಎಕ್ಸ್‌ರೇ ತೆಗ್ಸಿ. ಈಗ ಯಾರನ್ನೂ ನಂಬ್ಲಿಕ್ಕೆ ಆಗುದಿಲ್ಲ" ಎಂದು ಹೇಳಿ, ಶರಣು ಅದನ್ನು ಕುಡಿದು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿ ತೃಪ್ತಿಯಿಂದ ಮೇಲೆ ಹೋದರು. ಹೋದವರು ಸುಮ್ಮನಿರಲಿಲ್ಲ. ರಾಯರ ಮನೆಯಲ್ಲಿ ಭಾರಿ ಕೆಮ್ಮು ಎಂದು ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಯಾರಿಗೆ ಎಂದು ಹಾಕಲಿಲ್ಲ.

ಮಧ್ಯಾಹ್ನ ರಾಯರು ಶರಣುವನ್ನು ಕರೆದುಕೊಂಡು ಲಿಫ್ಟಿಗೆ ಕಾಲಿಟ್ಟರೆ ಒಳಗಿದ್ದವರೆಲ್ಲ ಸಾಲಾಗಿ ಹೊರಗೆ ಬಂದರು. "ಆಪ್ ಜಾಯಿಯೇ, ಹಮ್ ಸೀಡೀ ಸೇ ಆತೇ ಹೈಂ" ಎಂದರು ಸೊಸೈಟಿ ಸೆಕ್ರೆಟರಿ, ಮೆಟ್ಟಿಲಿನ ಕಡೆ ಸರಿಯುತ್ತ, ಕರ್ಚೀಫಿನ ಹಿಂದಿನಿಂದ. ಕೆಳಗಿನ ಬೆಂಚಿನ ಹಿರಿಯರು ರಾಯರನ್ನು ಕಂಡು ಒಬ್ಬೊಬ್ಬರಾಗಿ ಎದ್ದು ವಾಕಿಂಗ್ ಹೊರಟರು. ಮಂಡಿನೋವಿನವರು ಎಲ್ಲರಿಗಿಂತ ಮುಂದೆ ಹೋದರು. ಅಷ್ಟು ವರ್ಷ ತಲೆಯೆತ್ತಿ ನಡೆದ ಅಂಗಳದಲ್ಲಿ ರಾಯರು ಅಂದು ಕಳ್ಳನ ಹಾಗೆ ಗೋಡೆಯಂಚಿನಲ್ಲಿ ನಡೆದು ಗೇಟು ದಾಟಿದರು.

ಜೀಪಿನಲ್ಲಿ ಕೂತ ಮೇಲೆ ರಾಯರು ಸುತ್ತಿ ಬಳಸಿ ವಿಷಯಕ್ಕೆ ಬಂದರು.

"ನೋಡಪ್ಪ ಶರಣು. ಇವತ್ತು ಮೇಡಮ್ ಇರ್ತಾರೆ. ಕೆಮ್ಮಬೇಕಾದಾಗ ಮಾತ್ರ ಕೆಮ್ಮಬೇಕು. ಕೆಮ್ಮಬಾರದ ಕಡೆ ಜೀವ ಹೋದ್ರೂ ಕೆಮ್ಮಬಾರದು. ಅರ್ಥ ಆಯ್ತಲ್ಲ?"

"ತಿಳೀತ್ರೀ ಸಾಹೇಬ್ರ. ನಾ ಖಯಾಲ್ ಇಟ್ಕೋತೀನ್ರಿ" ಎಂದ ಶರಣು, ಎಂದಿನ ವಿನಯದಿಂದ. ಎಂಥ ಸೂಕ್ಷ್ಮ ಹುಡುಗ ಎಂದುಕೊಂಡರು ರಾಯರು.

ಕುರ್ಲಾ ಆಫೀಸು ತಲುಪಿದಾಗಲೂ ಕೆಮ್ಮು ನಿಂತಿರಲಿಲ್ಲ. ಸುಭಾಷ ಜ್ಯೇಷ್ಠಮಧುವಿನ ಕಡ್ಡಿ ಕೊಟ್ಟ. ಲವಂಗ ಕೊಟ್ಟ. ಒಂದು ಬಾಟಲಿ ಸಿರಪ್ಪೂ ಕೊಟ್ಟ. ಅದನ್ನು ಕುಡಿದರೆ ನಿದ್ದೆ ಬರುತ್ತದೆಂದು ರಾಯರು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡರು. ಕೊನೆಗೆ ಬೇರೆ ದಾರಿ ಕಾಣದೆ ಶರಣುವನ್ನು ಪಾರ್ಕಿಂಗಿನಲ್ಲಿ ಜೀಪಿಗೆ ಒರಗಿಸಿ ನಿಲ್ಲಿಸಿ, ಅಂಗಿಯ ಗುಂಡಿ ಬಿಚ್ಚಿಸಿ, ತಾವೇ ಅವನ ಎದೆಗೆ ಬಾಮು ತಿಕ್ಕತೊಡಗಿದರು. ಶರಣು ಕಚಗುಳಿಯಿಂದ ನುಲಿಯುತ್ತಿದ್ದ. "ಅಲ್ಲಾಡಬೇಡ ಕಣೋ, ನನ್ನ ಮರ್ಯಾದೆ ನಿನ್ನ ಎದೇಲಿದೆ" ಎಂದರು ರಾಯರು.

"ಹಲೋ ಅಂಕಲ್, ಆಯಾಮ್ ಸಾಧನಾ" ಎಂದಿತು ಹಿಂದಿನಿಂದ ಒಂದು ದನಿ.

ರಾಯರು ತಿರುಗಿದರು. ಎರಡೂ ಕೈಯಲ್ಲಿ ಬಾಮು. ನಮಸ್ಕಾರ ಮಾಡಲು ಹೋದರೆ ಅಂಗೈಗಳು ಅಂಟಿಕೊಂಡವು. ಮೇಡಮ್ಮಿಗೆ ತಮ್ಮ ಮಗಳ ವಯಸ್ಸೂ ಇರಲಿಲ್ಲ. ಬೆಂಗಳೂರಿನವರ ಮಗಳು, ಹುಟ್ಟಿ ಬೆಳೆದದ್ದೆಲ್ಲ ಮುಂಬಯಿ. ಕನ್ನಡವನ್ನು ಎಡವಿ ಎಡವಿ, ಆದರೆ ಪ್ರೀತಿಯಿಂದ ಮಾತಾಡುತ್ತಿದ್ದಳು. "ಸೋ ಸ್ವೀಟ್ ಅಂಕಲ್! ಡ್ರೈವರ್‌ಗೆ ಇಷ್ಟು ಕೇರ್ ಮಾಡೋದು ನಾನ್ ನೋಡೇ ಇಲ್ಲ" ಎಂದಳು. ಮೆಚ್ಚುಗೆ ಕೇಳಿ ರಾಯರಿಗೆ ಬೈದಿದ್ದರೆ ವಾಸಿಯಿತ್ತು ಅನ್ನಿಸಿತು.

ದೀಪ ಹತ್ತಿದವು. ಜೀಪು ಹೊರಟಿತು. ಮುಂದೆ ಶರಣು ಮತ್ತು ರಾಯರು, ಹಿಂದೆ ಮೇಡಮ್. ಆಕೆಯ ಮಡಿಲಲ್ಲಿ ಬೋರ್ಡಿಗೆ ಒತ್ತಿ ಹಿಡಿದರೆ ಹೊಳಪು ಎಷ್ಟೆಂದು ತೋರಿಸುವ ಒಂದು ಕೈಯಂತ್ರ. ಬಾಮಿನ ವಾಸನೆಗೆ ಮೂವರ ಕಣ್ಣಲ್ಲೂ ನೀರು.

ಕಷಾಯವೋ, ದೊಡ್ಡಪತ್ರೆಯೋ, ಬಾಮೋ, ಯಾವ ದೇವರು ಒಲಿದನೋ, ಕೆಮ್ಮು ನಿಂತಿತು! ಶರಣು ಬಾಯಿ ಬಿಗಿಹಿಡಿದು ಓಡಿಸುತ್ತಿದ್ದ. ರಾಯರು ಹೆದರಿಕೆಯಿಂದ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕಂಬದ ಹಾಗೆ ನೆಟ್ಟಗೆ ಕೂತಿದ್ದರು. ಶರಣು ಕೆಮ್ಮಲಿಲ್ಲ, ರಾಯರು "ಪಾಸ್" ಎಂದರು. ಇನ್ನೊಂದು ಬಂತು, ಅವನು ಕೆಮ್ಮಲಿಲ್ಲ. "ಪಾಸ್." ಮತ್ತೊಂದು, "ಪಾಸ್." ಅಬ್ಬಾ, ಬದುಕಿದೆ ಎನ್ನಿಸಿತು. ದನಿಗೆ ಗತ್ತು ಬಂತು. "ನೋಡಮ್ಮ, ಈ ಕೆಲಸಕ್ಕೆ ಯಂತ್ರ ಗಿಂತ್ರ ಬೇಡ. ಅನುಭವ ಬೇಕು" ಎಂದರು.

"ಅಂಕಲ್," ಎಂದಳು ಸಾಧನಾ ಮೆಲ್ಲಗೆ, "ಈಗ ಪಾಸ್ ಅಂದ್ರಲ್ಲ, ಆ ಬೋರ್ಡ್ ಮೇಲೆ ಪೂರಾ ಪೋಸ್ಟರ್ ಇತ್ತು ನಾ? ಕಿಸೀ ಕಾ ಬರ್ತ್‌ಡೇ."

ಶರಣು ಯಾಕೆ ಕೆಮ್ಮಲಿಲ್ಲ? "ಅಂಚು ಹೊಳೀತಿತ್ತಲ್ಲಮ್ಮ... ಅಂಚು ನೋಡಬೇಕು ಮೊದಲು" ಎಂದು ರಾಯರು ತೊದಲಿದರು. ಬೆವರು ಕಿತ್ತುಕೊಂಡು ಬಂತು. ಮೂಗಿನ ಮೇಲೆ ಕನ್ನಡಕ ಜಾರಿತು. ಅದನ್ನು ಮೇಲೆ ಏರಿಸಿಕೊಂಡರು.

"ಖೊಕ್" ಎಂದ ಶರಣು.

ಸದ್ಯ! "ಫೇಲ್!" ಎಂದರು ರಾಯರು. ಬೆವರು ನಿಲ್ಲಲಿಲ್ಲ, ಮತ್ತೆ ಕನ್ನಡಕ ಜಾರಿತು, ಮತ್ತೆ ಏರಿಸಿದರು. "ಖೊಕ್." "ಫೇಲ್!" ಏರಿಸಿದರು. "ಖೊಕ್." "ಫೇಲ್!" ಈ ನಡುವೆ ಬೇಕೆಂದೇ ಕೆಮ್ಮಿ ಕೆಮ್ಮಿ ಶರಣುವಿನ ಗಂಟಲಿನಲ್ಲಿ ಮಲಗಿದ್ದ ನಿಜವಾದ ಕೆಮ್ಮು ಎಚ್ಚರವಾಯಿತು. ಅದು ಎದ್ದದ್ದೇ ತಡ, ಕಷಾಯಕ್ಕೂ ಕೇಳಲಿಲ್ಲ, ಲವಂಗಕ್ಕೂ ಕೇಳಲಿಲ್ಲ. ಖೊಕ್ ಖೊಕ್ ಖೊಕ್ ಎಂದು ಅವನು ಸ್ಟೀರಿಂಗಿನ ಮೇಲೆ ಬಗ್ಗಿ ಜೀಪನ್ನು ಪಕ್ಕಕ್ಕೆ ತಂದು ನಿಲ್ಲಿಸಿದ. ಹೆದರಿಕೆಯಲ್ಲಿ ರಾಯರ ಬುದ್ಧಿ ನಿಂತು ಬಾಯಿ ಮಾತ್ರ ಓಡುತ್ತಿತ್ತು.

"ಫೇಲ್! ಫೇಲ್! ಎಲ್ಲ ಫೇಲ್! ಅದೂ ಫೇಲ್!"

"ಅಂಕಲ್!" ಮೇಡಮ್ ಅವರ ಭುಜ ಮುಟ್ಟಿದಳು. "ಅದು ಬೋರ್ಡ್ ಅಲ್ಲ. ಜ್ಯೂಸ್ ಸೆಂಟರ್."

ಜ್ಯೂಸ್ ಅಂಗಡಿಯವನು ತನ್ನ ಅಂಗಡಿಯ ಕಡೆ ಕೈ ತೋರಿಸಿ 'ಫೇಲ್' ಎಂದು ಕೂಗುತ್ತಿದ್ದ ಮುದುಕರನ್ನು ನೋಡಿ, ಇವರು ಆರೋಗ್ಯ ಇಲಾಖೆಯವರಿರಬೇಕೆಂದು ಗಾಬರಿಯಾಗಿ, ಸಿಪ್ಪೆಯ ಡಬ್ಬಿಗೆ ಮುಚ್ಚಳ ಹಾಕಿದ. ಮೂರು ಗ್ಲಾಸು ಮೋಸಂಬಿ ರಸವನ್ನೂ ಕಳಿಸಿದ. ಯಾರೂ ಮುಟ್ಟಲಿಲ್ಲ.

ಸಾಧನಾ ಇಳಿದು ಯಂತ್ರ ಹಿಡಿದು ಹಿಂದಕ್ಕೆ ನಡೆದಳು. ರಾಯರು ಜೀಪಿನ ಪಕ್ಕ ನಿಂತು ಕಾದರು. ಆಕೆ ಬರುವುದು ಅವರಿಗೆ ಕಾಣಲಿಲ್ಲ. ಚಪ್ಪಲಿಯ ಸದ್ದಿನಿಂದ ತಿಳಿಯಿತು.

"ನೀವು ಫೇಲ್ ಮಾಡಿದ್ದು ಎಲ್ಲಾ ನ್ಯೂ ಬೋರ್ಡ್ಸ್. ಏಕ್ ದಮ್ ಫಸ್ಟ್ ಕ್ಲಾಸ್. ಪಾಸ್ ಮಾಡಿದ್ರಲ್ಲಿ ಒಂದು ರೀಡಿಂಗೇ ತೋರಿಸ್ತಿಲ್ಲ." ಆಕೆಯ ದನಿಯಲ್ಲಿ ಕೋಪವಿರಲಿಲ್ಲ, ಗೊಂದಲವಿತ್ತು. "ಅಂಕಲ್, ವಾಟ್ ಈಸ್ ದಿಸ್?"

ಸುಳ್ಳುಗಳು ಸಾಲಾಗಿ ನಾಲಿಗೆಯ ತುದಿಗೆ ಬಂದವು. ಇಬ್ಬನಿ ಬಿದ್ದಿದೆ, ಹೆಡ್‌ಲೈಟು ವಾರೆಯಾಗಿದೆ, ಬಾಮಿನಿಂದ ಕಣ್ಣುರಿ. ಆದರೆ ಹಿಂದೆ ಶರಣು ಎದೆ ಹಿಡಿದುಕೊಂಡು ಕೆಮ್ಮುತ್ತ ನಿಂತಿದ್ದ. ಇಷ್ಟು ವರ್ಷ ಬಾಯಿಬಿಡದೆ ತಮ್ಮ ಮಾನ ಕಾಯ್ದ ಹುಡುಗ. ಇವತ್ತು ತಪ್ಪಾದರೆ ಮೊದಲು ಹೊರಗೆ ಹಾಕುವುದು ಅವನನ್ನೇ. ರಾಯರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಹದ್ದಿನ ಕಣ್ಣಿನ ಹೆಸರನ್ನು ಹೊತ್ತುಕೊಂಡು ಮೆರೆದವರು ತಾವು, ನೋಡಿದವನು ಅವನು. ವಡಾಪಾವಿನಲ್ಲಿ ಆ ಋಣ ತೀರಿತೆಂದುಕೊಂಡಿದ್ದೆನಲ್ಲ!

"ಅಮ್ಮಾ," ಎಂದರು. "ನನಗೆ ಕಾಣಿಸೋದಿಲ್ಲ. ಎರಡು ಕಣ್ಣಿಗೂ ಪೊರೆ. ಸಂಜೆಯಾದ್ರೆ ನೀವು ಯಾರು, ಕಂಬ ಯಾವುದು ಅಂತ ಗೊತ್ತಾಗೋದಿಲ್ಲ. ನಾಚಿಕೆಗೆ ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಇಷ್ಟು ವರ್ಷ ಬೋರ್ಡು ನೋಡಿದ್ದು ನಾನಲ್ಲ, ಈ ಶರಣು. ಬೋರ್ಡು ಮಂಕಾಗಿದ್ರೆ ಅವನು ಕೆಮ್ಮೋನು, ನಾನು ಫೇಲ್ ಅನ್ನೋನು. ಇವತ್ತು ಅವನಿಗೆ ನಿಜವಾಗಿ ಕೆಮ್ಮು ಬಂತು, ನನ್ನ ಬಣ್ಣ ಬಯಲಾಯ್ತು. ಅವನದ್ದೇನೂ ತಪ್ಪಿಲ್ಲ. ನನ್ನನ್ನ ಮನೆಗೆ ಕಳಿಸಿ. ಈ ಸೀಟು ಅವನದ್ದು. ಅವನಿಗೇ ಕೊಡಿ."

ಹೇಳಿ ಮುಗಿಸಿದ ಮೇಲೆ ಅವರಿಗೇ ಆಶ್ಚರ್ಯವಾಯಿತು. ಭೂಮಿ ಬಾಯಿಬಿಡಲಿಲ್ಲ. ಎದೆ ಹಗುರವಾಗಿತ್ತು. ಅವಮಾನವೇನೋ ಆಯಿತು, ಆದರೆ ಮರ್ಯಾದಸ್ಥನ ಅವಮಾನ. ಒಬ್ಬ ಬಡವನಿಗೆ ನ್ಯಾಯ ಕೊಡಿಸಿದವನ ಅವಮಾನ. ಬೆಂಚಿಗೆ ಹೋಗಿ ಕೂತರೂ ತಲೆಯೆತ್ತಿ ಕೂರಬಹುದು ಎನ್ನಿಸಿತು.

ಸಾಧನಾ ಕಣ್ಣೊರೆಸಿಕೊಂಡಳು. ಬಾಮಿನಿಂದಲೇ ಇರಬಹುದು, ಆದರೂ ಒರೆಸಿಕೊಂಡದ್ದು ನಿಜ. "ಅಂಕಲ್, ನಮ್ ತಾತಾನೂ ಹೀಗೇ ಹೈಡ್ ಮಾಡಿದ್ರು. ಛೋಟಾ ಸಾ ಆಪರೇಶನ್ ಅಷ್ಟೆ. ಇಟ್ಸ್ ಓಕೆ." ಆಮೇಲೆ ಶರಣುವಿನ ಕಡೆ ತಿರುಗಿದಳು. "ಶರಣು ಅವರೇ, ಇಷ್ಟು ವರ್ಷ ರಿಯಲ್ ಇನ್‌ಸ್ಪೆಕ್ಟರ್ ನೀವು! ನಾನು ನಾಳೇನೇ ಹೆಡ್ ಆಫೀಸಲ್ಲಿ ಮಾತಾಡ್ತೀನಿ. ಏಜ್ ರೂಲ್ ಛೋಡೋ. ನೀವು ಬೋರ್ಡ್ ಹೇಗೆ ಜಡ್ಜ್ ಮಾಡ್ತೀರಾ, ನನಗೆ ಹೇಳಿ."

ರಾಯರು ಹೆಮ್ಮೆಯಿಂದ ಶರಣುವಿನ ಬೆನ್ನು ತಟ್ಟಿದರು. "ಹೇಳಪ್ಪ. ಇನ್ನು ಸಂಕೋಚ ಬೇಡ. ನಾನೇ ಹೇಳಿಬಿಟ್ಟೆನಲ್ಲ."

ಶರಣು ಕೆಮ್ಮುವುದನ್ನೂ ಮರೆತು ಅವರನ್ನೂ ಇವರನ್ನೂ ನೋಡಿದ. ಅವನ ಮುಖ ಬಿಳುಚಿಕೊಂಡಿತ್ತು.

"ಮೇಡಮ್ಮಾರ, ನಾ ಯಾವ ಬೋರ್ಡ್ ನೋಡೀನ್ರಿ? ಈ ಕುರ್ಲಾದ ಟ್ರಾಫಿಕ್ಕಿನ್ಯಾಗ ರಿಕ್ಷಾದವ್ರು ಅತ್ಲಿಂದ ಬರ್ತಾರ, ಬೈಕಿನವ್ರು ಇತ್ಲಿಂದ ಬರ್ತಾರ. ರೋಡ್ ಬಿಟ್ಟು ಮ್ಯಾಲ ನೋಡಿದ್ರ ನಾವ್ ಬದುಕಿ ಉಳೀತೀವೇನ್ರಿ? ನಾ ಒಂದ್ ದಿವ್ಸನೂ ಬೋರ್ಡ್ ನೋಡಿಲ್ರೀ, ನಮ್ಮವ್ವನ ಆಣಿ."

"ಮತ್ತೆ... ಮತ್ತೆ ಕೆಮ್ತಿದ್ದೆಯಲ್ಲೋ?" ಕೇಳಿದರು ರಾಯರು.

"ಸಾಹೇಬ್ರ, ನೀವು ಕನ್ನಡಕ ಮ್ಯಾಲ ಮಾಡ್ತಿದ್ರಲ್ರೀ. ಮಾಡಿದ್ರಂದ್ರ ಬೋರ್ಡ್ ಖರಾಬ್ ಅದ, ಸಾಹೇಬ್ರು ಗುರ್ತು ಹಿಡಿದ್ರು ಅಂತ ತಿಳ್ಕೋತಿದ್ದೆ. ದೊಡ್ಡವ್ರು ಒಂದ್ ಮಾತ್ ಆಡೂ ಮುಂದ ಬಾಜೂದವ್ರು ಹೂಂ ಅನಬೇಕಲ್ರೀ, ಸುಮ್ ಕೂತ್ರ ನಮ್ ಕಡಿ ಬೇಮರ್ಯಾದಿ ಅಂತಾರ. ಹೂಂ ಅಂದ್ರ ನಾನೂ ನೋಡೀನಿ ಅಂದಂಗ ಆಗ್ತದ, ನಿಮಗ ಸರಿಸಮ ಆದಂಗ ಆಗ್ತದ. ಅದಕ್ಕ ಒಂದ್ ಸಣ್ಣ ಕೆಮ್ಮು ಕೆಮ್ತಿದ್ದೆ. ನಾ ಕೆಮ್ಮಿದ ಕೂಡ್ಲೇ ನೀವು ಖುಷೀಲೆ ಫೇಲ್ ಅಂತಿದ್ರಿ. ವಡಾಪಾವ್ ಬ್ಯಾರೆ ಕೊಡಿಸ್ತಿದ್ರಿ. ಹಿಂಗಾಗಿ ಸಾಹೇಬ್ರಿಗೆ ನನ್ ಕೆಮ್ಮು ಪಸಂದ್ ಅದ ಅಂತ..."

ರಾಯರು ಜೀಪಿನ ಬಾನೆಟ್ಟು ಹಿಡಿದುಕೊಂಡರು. ಇವರು ಕಾಣದೆ ಕನ್ನಡಕ ಏರಿಸುವುದು, ಅದಕ್ಕೆ ಅವನು ಮರ್ಯಾದೆಗೆ ಕೆಮ್ಮುವುದು, ಅದಕ್ಕೆ ಇವರು ಫೇಲ್ ಎನ್ನುವುದು. ಮೊದಲ ದಿನದ ಆ ಸುಲಿದ ಹಾಳೆ ಬರೀ ಕಾಕತಾಳೀಯ. ಆಮೇಲೆ ದೂರು ಬರದಿದ್ದದ್ದು ಏಕೆಂದೂ ಈಗ ಹೊಳೆಯಿತು. ಕಾಣದ ಬೋರ್ಡಿನ ಮೇಲೆ ದೂರು ಕೊಡುವವರು ಯಾರು? ಅಲ್ಲೊಂದು ಬೋರ್ಡಿದೆ ಎಂದೇ ಅವರಿಗೆ ಗೊತ್ತಿರುವುದಿಲ್ಲ. ಕುರುಡನೊಬ್ಬ ಕಣ್ಣುಳ್ಳವನ ಹೆಗಲು ಹಿಡಿದು ನಡೆದ ಎಂದು ಈಗಷ್ಟೇ ಕಣ್ಣೀರು ಬರುವಂತೆ ಭಾಷಣ ಮಾಡಿದ್ದರು. ಆ ಕಣ್ಣುಳ್ಳವನು ಇವರ ಹೆಗಲು ಹಿಡಿದಿದ್ದ. ಪೊರೆಯ ನಾಚಿಕೆಯನ್ನು ಹೇಗೋ ತಡೆದುಕೊಂಡಿದ್ದರು. ಆ ಭಾಷಣದ ನಾಚಿಕೆಯನ್ನು ತಡೆದುಕೊಳ್ಳಲಾಗಲಿಲ್ಲ.

ಸಾಧನಾಳ ಮುಖದಲ್ಲಿ ಮೆಚ್ಚುಗೆ ಇದೆಯೋ ಹೋಯಿತೋ ನೋಡೋಣವೆಂದರೆ ಕತ್ತಲಾಗಿತ್ತು.

ಮೂವರೂ ಜೀಪು ಹತ್ತಿದರು. ಶರಣು ಗಾಡಿ ಶುರು ಮಾಡಲಿಲ್ಲ. ಕೈಯನ್ನು ಕೀಲಿಯ ಮೇಲೆ ಇಟ್ಟುಕೊಂಡು ಏನೋ ಯೋಚಿಸಿದ. ಆಮೇಲೆ ಪೂರ್ತಿ ರಾಯರ ಕಡೆ ತಿರುಗಿ, ಗುರುಗಳನ್ನು ಕೇಳುವ ಶಿಷ್ಯನ ಹಾಗೆ ಕೇಳಿದ.

"ಸಾಹೇಬ್ರ, ಒಂದ್ ಮಾತ್ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನೀವೂ ನೋಡಿಲ್ಲ. ನಾನೂ ನೋಡಿಲ್ಲ. ಹಂಗಾದ್ರ ಇಷ್ಟ್ ವರ್ಷ ಬೋರ್ಡ್ ನೋಡಿದವ್ರು ಯಾರ್ರೀ?"

ಹಿಂದಿನ ಸೀಟಿನಲ್ಲಿ ಮೇಡಮ್ ಮುಂದಕ್ಕೆ ಬಗ್ಗಿ ಕೂತಳು. ಆ ಪ್ರಶ್ನೆಗೆ ಉತ್ತರ ಆಕೆಗೂ ಬೇಕಾಗಿತ್ತು.